ಒಂದು ಪ್ರಭೇದ ಎರಡಾಗುವ ಬಗೆ

ರಾಜ್ಯೋತ್ಸವದ ಸಂಚಿಕೆಗೆ ಚರಿತ್ರೆಯ ಲೇಖನವೊಂದು ಬೇಕೆಂದು ಸಂಪಾದಕರು ಕೇಳಿದಾಗ ಅವರ ಮನಸ್ಸಿನಲ್ಲಿದ್ದುದು ಬನವಾಸಿಯೋ ಬಾದಾಮಿಯೋ ಆಗಿದ್ದಿರಬೇಕು. ಆ ಅರಸುಮನೆತನಗಳ ಸಂಗತಿಯನ್ನು ನಮಗಿಂತ ಚೆನ್ನಾಗಿ ಬಲ್ಲವರು ಇದ್ದಾರೆ, ಅವರು ಬರೆಯಲಿ. ನಾವೋ ವಾಣಿಜ್ಯ ಓದಿ ಬ್ಯಾಂಕಿನ ಗುಮಾಸ್ತಿಕೆ ಹಿಡಿದವರು. ದಿನವೂ ಲೆಕ್ಕವನ್ನು ನೋಡುವ ಕಣ್ಣಿಗೆ ಲೆಕ್ಕವಿರುವ ಚರಿತ್ರೆಯೇ ರುಚಿ. ಆದ್ದರಿಂದ ಹಲ್ಮಿಡಿಯ ಶಾಸನಕ್ಕಿಂತ ಬಹು ಹಿಂದೆ ಆರಂಭವಾಗಿ ಇಂದಿಗೂ ಮುಗಿಯದೆ ನಡೆದಿರುವ ಒಂದು ಚರಿತ್ರೆಯನ್ನು ವಾಚಕರ ಮುಂದಿಡುತ್ತೇವೆ. ಭೂಮಿಯ ಮೇಲೆ ಒಂದು ಬಗೆಯ ಜೀವಿ ಕಾಲಕ್ರಮದಲ್ಲಿ ಎರಡು ಬಗೆಯಾಗುವುದು ಹೇಗೆ, ಅದನ್ನು ಮನುಷ್ಯ ಕಂಡುಕೊಂಡುದು ಹೇಗೆ ಎಂಬುದೇ ಆ ಚರಿತ್ರೆ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ೨೦೨೩ರಲ್ಲಿ ಎನ್.ಸಿ.ಇ.ಆರ್.ಟಿ.ಯವರು ಹತ್ತನೆಯ ತರಗತಿಯ ವಿಜ್ಞಾನದ ಪುಸ್ತಕದಿಂದ ಜೀವವಿಕಾಸದ ಭಾಗವನ್ನು ತೆಗೆದುಹಾಕಿದರು. ಮಕ್ಕಳ ಮೇಲಿನ ಪಾಠದ ಹೊರೆಯನ್ನು ಇಳಿಸುವುದಕ್ಕೆ ಎಂದು ಸಮಾಧಾನ ಹೇಳಿದರು. ೧,೮೦೦ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಇದನ್ನು ಒಪ್ಪದೆ ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಹನ್ನೆರಡನೆಯ ತರಗತಿಯ ಜೀವಶಾಸ್ತ್ರದಲ್ಲಿ ಆ ಪಾಠವನ್ನು ಉಳಿಸಿದ್ದರೆಂಬುದು ನಿಜ. ಆದರೆ ಹತ್ತರ ಬಳಿಕ ಜೀವಶಾಸ್ತ್ರವನ್ನು ತೆಗೆದುಕೊಳ್ಳುವ ಮಕ್ಕಳು ಎಷ್ಟು ಮಂದಿ? ವರ್ಗವಾಗುವ ನೌಕರಿಯವರಾದ ನಮ್ಮಂಥವರ ಮನೆಗಳಲ್ಲಿ ಅನೇಕ ಮಕ್ಕಳು ಓದುವುದು ಕೇಂದ್ರದ ಪಠ್ಯಕ್ರಮವನ್ನೇ. ಅವರಲ್ಲಿ ವಾಣಿಜ್ಯಕ್ಕೆ ಹೋದವನಿಗೆ ಹತ್ತನೆಯ ತರಗತಿಯೇ ವಿಜ್ಞಾನದ ಕೊನೆಯ ನಿಲ್ದಾಣ. ನಮಗೂ ಹಾಗೆಯೇ ಆಗಿತ್ತು. ಮುಂದಿನದನ್ನೆಲ್ಲ ಸಂಜೆಯ ಲೋಕಲ್ ಗಾಡಿಯಲ್ಲಿ ಕೂತೋ ನಿಂತೋ ಓದಿಕೊಂಡೆವು.

ಇದಕ್ಕೂ ಐದು ವರ್ಷ ಹಿಂದೆ, ೨೦೧೮ರಲ್ಲಿ, ಕೇಂದ್ರದ ಮಂತ್ರಿಗಳೊಬ್ಬರು ಕಪಿ ಮನುಷ್ಯನಾದುದನ್ನು ಕಂಡೆವೆಂದು ನಮ್ಮ ಪೂರ್ವಿಕರಾರೂ ಹೇಳಿಲ್ಲವೆಂದು ಮಾತನಾಡಿದ್ದು ಪತ್ರಿಕೆಗಳಲ್ಲಿ ಬಂದಿತ್ತು. ಬಲ್ಲವರು ನಕ್ಕರು. ನಮಗೆ ಮಾತ್ರ ಅದು ಬರೀ ನಗುವ ಮಾತೆಂದು ತೋರಲಿಲ್ಲ. ಕಣ್ಣಾರೆ ಕಂಡ ಸಾಕ್ಷಿ ಯಾರು ಎಂದು ಕೇಳುವುದು ನಮ್ಮ ಕಚೇರಿಯ ನಿತ್ಯದ ಪದ್ಧತಿ. ಕೇಳಿದವರಿಗೆ ಉತ್ತರ ಕೊಡಬೇಕು, ಉತ್ತರವೂ ಇದೆ.

ಮೊದಲು ಒಂದು ಶಬ್ದದ ವಿಚಾರ. ನಮ್ಮ ಹಳೆಯ ಪುಸ್ತಕಗಳಲ್ಲಿ ‘ಜೀವಜಾತಿ’ ಎಂದೂ ಬರೆಯುತ್ತಿದ್ದರು. ಜಾತಿಯೆಂದೊಡನೆ ನಮ್ಮವರ ಮನಸ್ಸು ಎಲ್ಲೆಲ್ಲಿಗೋ ಓಡುವುದರಿಂದ ಈ ಲೇಖನದಲ್ಲಿ ‘ಪ್ರಭೇದ’ವೆಂಬ ಮಾತನ್ನೇ ಬಳಸುತ್ತೇವೆ. ತಮ್ಮತಮ್ಮಲ್ಲಿ ಕೂಡಿ ಮರಿಮಾಡಿ, ಆ ಮರಿಗಳೂ ಮುಂದೆ ಮರಿಮಾಡಬಲ್ಲ ಜೀವಿಗಳ ಬಳಗವೇ ಒಂದು ಪ್ರಭೇದ. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆ ಹೊರೆ ಹೊರುತ್ತದೆ, ಬೆಟ್ಟ ಹತ್ತುತ್ತದೆ. ಸಂತಾನವನ್ನು ಮಾತ್ರ ಬೆಳಸಲಾರದು. ಆದ್ದರಿಂದ ಕುದುರೆ ಬೇರೆ, ಕತ್ತೆ ಬೇರೆ. ಈ ಅರ್ಥವನ್ನು ಜರ್ಮನಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲಸಿದ ಅರ್ನ್‌ಸ್ಟ್ ಮೇಯರ್ ಎಂಬ ಪಕ್ಷಿಶಾಸ್ತ್ರಜ್ಞ ೧೯೪೨ರಲ್ಲಿ ಖಚಿತವಾದ ಮಾತಿನಲ್ಲಿ ಹೇಳಿದ. ಬ್ಯಾಕ್ಟೀರಿಯಗಳಿಗೂ, ಕಲ್ಲಾಗಿ ಉಳಿದ ಪ್ರಾಚೀನ ಜೀವಿಗಳಿಗೂ ಇದು ಹೊಂದುವುದಿಲ್ಲವೆಂಬ ತಕರಾರು ಇದ್ದೇ ಇದೆ. ಆದರೆ ಹಕ್ಕಿಗೂ ಮೃಗಕ್ಕೂ ಇದು ಸಾಕು.

ಒಂದು ಪ್ರಭೇದ ಮೆಲ್ಲಮೆಲ್ಲಗೆ ಮತ್ತೊಂದಾಗುತ್ತದೆ ಎಂದರೆ ಹಲವರಿಗೆ ಒಪ್ಪಲು ಕಷ್ಟವಾಗುವುದು ಎಲ್ಲಿ? ಯಾವುದೋ ಒಂದು ದಿನ ಹಳೆಯ ಪ್ರಭೇದದ ತಾಯಿಗೆ ಹೊಸ ಪ್ರಭೇದದ ಮರಿ ಹುಟ್ಟಿರಲೇಬೇಕಲ್ಲ ಎಂಬಲ್ಲಿ. ಹಾಗೆ ಹುಟ್ಟಬೇಕಾಗಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆದ ದಿನ ಗಿರಾಕಿಯ ಮಾದರಿ ಸಹಿಯನ್ನು ತೆಗೆದಿಡುತ್ತೇವೆ. ಮೂವತ್ತು ವರ್ಷದ ಮೇಲೆ ಅದೇ ಮನುಷ್ಯರು ಬರೆದ ಚೆಕ್ಕು ಬಂದಾಗ ಎರಡು ಸಹಿಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹೊಂದುವುದೇ ಇಲ್ಲ. ಪೂರ್ತಿ ಬರೆಯುತ್ತಿದ್ದ ಹೆಸರು ಒಂದು ಗೀಟಾಗಿದೆ, ಕೆಳಗಿನ ಎರಡು ಚುಕ್ಕೆ ಎಲ್ಲೋ ಉದುರಿಹೋಗಿವೆ. ಗಿರಾಕಿಯನ್ನು ಕೇಳಿದರೆ, ‘ಏನ್ರೀ, ನಾನು ಯಾವತ್ತೂ ಹೀಗೇ ಹಾಕೋದು’ ಎಂದು ರೇಗುತ್ತಾರೆ. ಅವರ ಮಾತೂ ಸುಳ್ಳಲ್ಲ. ಪ್ರತಿವರ್ಷದ ಸಹಿಯೂ ಅದರ ಹಿಂದಿನ ವರ್ಷದ ಸಹಿಯಂತೆಯೇ ಇತ್ತು. ಸಹಿ ಬದಲಾದ ದಿನ ಎಂಬುದೊಂದು ಪಂಚಾಂಗದಲ್ಲೇ ಇಲ್ಲ. ಆದರೂ ಸಹಿ ಬದಲಾಗಿದೆ.

ಕನ್ನಡದಲ್ಲಿಯೇ ನೋಡಬಹುದು. ಹಳಗನ್ನಡದ ಪಾಲು, ಪೂ, ಪೋಗು ಎಂಬ ಮಾತುಗಳು ನಮ್ಮ ಬಾಯಲ್ಲಿ ಹಾಲು, ಹೂ, ಹೋಗು ಆಗಿವೆ. ಯಾವ ತಾಯಿಯೂ ‘ಪಾಲು’ ಎಂದು ಕಲಿಸಿದ್ದಕ್ಕೆ ಯಾವ ಮಗುವೂ ಒಂದು ಬೆಳಗ್ಗೆ ‘ಹಾಲು’ ಎಂದು ಹಟಹಿಡಿಯಲಿಲ್ಲ. ಎಷ್ಟೋ ತಲೆಮಾರು ಎರಡೂ ಜೊತೆಯಲ್ಲೇ ನಡೆದು, ಒಂದು ಹೆಚ್ಚುತ್ತ ಇನ್ನೊಂದು ಕುಗ್ಗುತ್ತ ಬಂತು. ನೆರೆಯ ತಮಿಳರು ಇಂದಿಗೂ ಪಾಲ್, ಪೂ, ಪೋ ಎನ್ನುತ್ತಾರೆ. ಒಂದೇ ಮೂಲದ ಎರಡು ಕವಲು. ಒಂದು ಕವಲಿನಲ್ಲಿ ನಡೆದ ಬದಲಾವಣೆ ಇನ್ನೊಂದರಲ್ಲಿ ನಡೆಯಲಿಲ್ಲ. ಪ್ರಭೇದಗಳ ಕಥೆಯೂ ಬಹುಮಟ್ಟಿಗೆ ಇದೇ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯಬಾರದು: ಬೇರೆಯಾದ ಮೇಲೂ ಭಾಷೆಗಳು ಒಂದರಿಂದೊಂದು ಧಾರಾಳವಾಗಿ ಶಬ್ದವನ್ನು ಕಡ ತರುತ್ತವೆ (ಮುಂಬಯಿಯ ನಮ್ಮ ಮನೆಗಳ ಕನ್ನಡವನ್ನು ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ), ಪೂರ್ತಿಯಾಗಿ ಬೇರೆಯಾದ ಪ್ರಾಣಿಗಳಲ್ಲಿ ಈ ಕೊಡುಕೊಳೆ ನಿಂತುಹೋಗುತ್ತದೆ.

ಇನ್ನು ಕಂಡುಕೊಂಡವರ ಚರಿತ್ರೆ. ಚಾರ್ಲ್ಸ್ ಡಾರ್ವಿನ್ನನು ಬೀಗಲ್ ಎಂಬ ಹಡಗಿನಲ್ಲಿ ೧೮೩೧ರ ಡಿಸೆಂಬರಿನಲ್ಲಿ ಹೊರಟು ೧೮೩೬ರ ಅಕ್ಟೋಬರಿನಲ್ಲಿ ಇಂಗ್ಲೆಂಡಿಗೆ ಮರಳಿದ. ನಡುವೆ ೧೮೩೫ರಲ್ಲಿ, ಶಾಂತಸಾಗರದ ಗಲಪಗಸ್ ದ್ವೀಪಗಳಲ್ಲಿ ಸುಮಾರು ಐದು ವಾರ ಇದ್ದ. ಅಲ್ಲಿಯ ಹಕ್ಕಿಗಳನ್ನು ಕಂಡೊಡನೆಯೇ ಅವನಿಗೆ ಎಲ್ಲವೂ ಹೊಳೆದುಬಿಟ್ಟಿತೆಂದು ಶಾಲೆಯ ಪುಸ್ತಕಗಳಲ್ಲಿ ಬರೆಯುವುದುಂಟು. ಸಂಗತಿ ಅಷ್ಟು ಸರಳವಲ್ಲ. ಆಮೆಯ ಚಿಪ್ಪನ್ನು ನೋಡಿಯೇ ಅದು ಯಾವ ದ್ವೀಪದ್ದೆಂದು ತಾನು ಹೇಳಬಲ್ಲೆನೆಂದು ಅಲ್ಲಿಯ ಅಧಿಕಾರಿ ಲಾಸನ್ ಎಂಬವನು ಹೇಳಿದರೂ ಡಾರ್ವಿನ್ನನು ಆಗ ಅದಕ್ಕೆ ಅಷ್ಟು ಗಮನ ಕೊಡಲಿಲ್ಲ. ಹಡಗಿನವರು ಆಮೆಗಳನ್ನು ಅಡಿಗೆಮಾಡಿ ತಿಂದು ಚಿಪ್ಪುಗಳನ್ನು ಸಮುದ್ರಕ್ಕೆಸೆದರು! ಫಿಂಚ್ ಎಂಬ ಸಣ್ಣ ಹಕ್ಕಿಗಳನ್ನು ಯಾವ ದ್ವೀಪದಲ್ಲಿ ಹಿಡಿದದ್ದೆಂದು ಅವನು ಸರಿಯಾಗಿ ಗುರುತು ಹಾಕಿಯೂ ಇರಲಿಲ್ಲ. ೧೮೩೭ರ ಜನವರಿಯಲ್ಲಿ ಲಂಡನ್ನಿನ ಜಾನ್ ಗೂಲ್ಡ್ ಎಂಬ ಪಕ್ಷಿತಜ್ಞ ಅವುಗಳನ್ನು ಪರೀಕ್ಷಿಸಿ, ಕೊಕ್ಕು ಇಷ್ಟು ಬೇರೆಬೇರೆ ಇದ್ದರೂ ಇವೆಲ್ಲ ಒಂದೇ ಬಳಗದ ಬೇರೆಬೇರೆ ಪ್ರಭೇದಗಳೆಂದು ತಿಳಿಸಿದ ಮೇಲೆ ಡಾರ್ವಿನ್ನನು ಹಡಗಿನ ಇತರರ ಸಂಗ್ರಹಗಳನ್ನು ಕೇಳಿ ತರಿಸಿ ಲೆಕ್ಕ ಸರಿಮಾಡಿಕೊಳ್ಳಬೇಕಾಯಿತು. ದ್ವೀಪದಿಂದ ದ್ವೀಪಕ್ಕೆ ಬೇರೆಯಾದ ಅಣಕುಹಕ್ಕಿಗಳು ಫಿಂಚುಗಳಿಗಿಂತ ಹೆಚ್ಚಾಗಿ ಅವನ ಕಣ್ಣು ತೆರೆಸಿದವು. ಅದೇ ವರ್ಷ ಜುಲೈಯಲ್ಲಿ ಪ್ರಭೇದಗಳ ಮಾರ್ಪಾಟನ್ನು ಕುರಿತ ತನ್ನ ಮೊದಲ ಟಿಪ್ಪಣಿ ಪುಸ್ತಕವನ್ನು ತೆರೆದ.

ಬದಲಾಗುತ್ತದೆ ಎಂಬುದು ಹೊಳೆಯಿತು. ಏಕೆ ಬದಲಾಗುತ್ತದೆ ಎಂಬುದು ಹೊಳೆದದ್ದು ೧೮೩೮ರಲ್ಲಿ, ಮಾಲ್ಥಸನ ಪುಸ್ತಕವನ್ನು ಓದಿದಾಗ. ಇಲ್ಲಿ ವಾಣಿಜ್ಯದವರಾದ ನಾವು ಸ್ವಲ್ಪ ಬೀಗಿದರೆ ವಾಚಕರು ಕ್ಷಮಿಸಬೇಕು. ಮಾಲ್ಥಸನು ಅರ್ಥಶಾಸ್ತ್ರದವನು, ಭಾರತಕ್ಕೆ ಬರುವ ಕಂಪನಿ ಸರ್ಕಾರದ ಅಧಿಕಾರಿಗಳನ್ನು ತಯಾರುಮಾಡುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಕಾಲೇಜಿನಲ್ಲಿ ೧೮೦೫ರಿಂದ ಪ್ರಾಧ್ಯಾಪಕನಾಗಿದ್ದವನು. ಹುಟ್ಟುವವರು ಚಕ್ರಬಡ್ಡಿಯಂತೆ ಹೆಚ್ಚುತ್ತಾರೆ, ಅನ್ನ ಹಾಗೆ ಹೆಚ್ಚದು ಎಂಬುದು ಅವನ ವಾದ. ಡಾರ್ವಿನ್ನನು ಇದನ್ನು ಎಲ್ಲ ಜೀವಿಗಳಿಗೂ ಹಚ್ಚಿ ನೋಡಿದ. ಹುಟ್ಟಿದವೆಲ್ಲ ಬದುಕುವುದು ಸಾಧ್ಯವಿಲ್ಲ. ಒಡಹುಟ್ಟಿದವುಗಳಲ್ಲಿಯೂ ಕೂದಲೆಳೆಯ ವ್ಯತ್ಯಾಸವಿದ್ದೇ ಇರುತ್ತದೆ. ಆ ನೆಲಕ್ಕೆ, ಆ ಹವೆಗೆ, ಆ ಆಹಾರಕ್ಕೆ ತುಸು ಹೆಚ್ಚು ಒಗ್ಗಿದ್ದು ತುಸು ಹೆಚ್ಚು ಮರಿಗಳನ್ನು ಉಳಿಸುತ್ತದೆ. ಮರಿಗಳಿಗೆ ತಂದೆತಾಯಿಯ ಗುಣ ಬರುತ್ತದೆ. ನಿಸರ್ಗದ ಆಯ್ಕೆ ಎಂದರೆ ಇಷ್ಟೇ. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಅವನು ಇಪ್ಪತ್ತು ವರ್ಷ ಸುಮ್ಮನಿದ್ದ. ಅದರಲ್ಲಿ ಎಂಟು ವರ್ಷ ಹಡಗಿನ ತಳಕ್ಕೆ ಅಂಟುವ ಬಾರ್ನಕಲ್ ಎಂಬ ಚಿಪ್ಪುಜೀವಿಗಳನ್ನು ಕೊಯ್ದು ನೋಡುವುದರಲ್ಲಿಯೇ ಕಳೆಯಿತು.

ಸುಮ್ಮನಿದ್ದವನನ್ನು ಎಬ್ಬಿಸಿದವನು ಆಲ್ಫ್ರೆಡ್ ರಸೆಲ್ ವ್ಯಾಲೇಸ್. ನಮಗೆ ಈ ಚರಿತ್ರೆಯಲ್ಲೆಲ್ಲ ಅತ್ಯಂತ ಪ್ರಿಯನಾದ ಮನುಷ್ಯನೂ ಇವನೇ. ಡಾರ್ವಿನ್ನನಿಗೆ ಅಪ್ಪನ ಆಸ್ತಿಯಿತ್ತು. ವ್ಯಾಲೇಸನು ಹದಿನಾಲ್ಕರ ಸುಮಾರಿಗೆ ಶಾಲೆ ಬಿಟ್ಟು ಮೋಜಣಿಯ ಕೆಲಸಕ್ಕೆ ಸೇರಿದವನು. ಮುಂದೆ ಹಕ್ಕಿ, ಚಿಟ್ಟೆ, ದುಂಬಿಗಳನ್ನು ಹಿಡಿದು ಮಾರಿ ಹೊಟ್ಟೆಹೊರೆದವನು. ಅಮೆಜಾನಿನ ಕಾಡಿನಲ್ಲಿ ನಾಲ್ಕು ವರ್ಷ ಕೂಡಿಸಿದ ಸಂಗ್ರಹದ ಬಹುಭಾಗವನ್ನು ೧೮೫೨ರಲ್ಲಿ ಹಡಗಿಗೆ ಬೆಂಕಿ ಬಿದ್ದು ಕಳೆದುಕೊಂಡು, ತೆರೆದ ದೋಣಿಯಲ್ಲಿ ಹತ್ತು ದಿನ ತೇಲಿ ಬದುಕಿದ. ಎರಡು ವರ್ಷದೊಳಗೆ ಮತ್ತೆ ಹೊರಟ, ಈ ಬಾರಿ ಮಲಯ ದ್ವೀಪಗಳಿಗೆ! ಅಲ್ಲಿ ಬಾಲಿಗೂ ಲೊಂಬೊಕಿಗೂ ನಡುವೆ ಒಂದು ಕಿರಿಯ ಜಲಸಂಧಿ ಅಡ್ಡವಾಗಿರುವ ಮಾತ್ರಕ್ಕೆ ಹಕ್ಕಿಗಳ ಬಳಗವೇ ಬೇರೆಯಾಗುವುದನ್ನು ೧೮೫೬ರಲ್ಲಿ ಕಂಡ. ಅದಕ್ಕೂ ಒಂದು ವರ್ಷ ಮೊದಲು, ಪ್ರತಿಯೊಂದು ಹೊಸ ಪ್ರಭೇದವೂ ತನಗೆ ಹತ್ತಿರದ ಹಳೆಯ ಪ್ರಭೇದವಿರುವ ಸ್ಥಳದಲ್ಲಿ, ಅದರ ಕಾಲಕ್ಕೆ ಹೊಂದಿಕೊಂಡೇ ಕಾಣಿಸಿಕೊಳ್ಳುತ್ತದೆಂದು ಸರವಾಕಿನಿಂದ ಒಂದು ಲೇಖನ ಬರೆದಿದ್ದ. ಆ ಲೇಖನದ ಮಹತ್ವವನ್ನು ಗುರುತಿಸಿ ಡಾರ್ವಿನ್ನನಿಗೆ ೧೮೫೫ರ ಡಿಸೆಂಬರಿನಲ್ಲಿ ಬರೆದವನು ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ವಸ್ತುಸಂಗ್ರಹಾಲಯದ ಎಡ್ವರ್ಡ್ ಬ್ಲೈತ್. ಕಡಿಮೆ ಸಂಬಳದ ಕ್ಯುರೇಟರು, ಪರಮ ಪರಿಶ್ರಮಿ. ಇಂಥವರ ಹೆಸರು ಪಾಠದ ಪುಸ್ತಕಗಳಲ್ಲಿ ಬರುವುದು ಅಪರೂಪ.

೧೮೫೮ರ ಫೆಬ್ರವರಿಯಲ್ಲಿ ಚಳಿಜ್ವರದಿಂದ ನಡುಗುತ್ತ ಮಲಗಿದ್ದಾಗ ವ್ಯಾಲೇಸನಿಗೂ ಮಾಲ್ಥಸನ ನೆನಪಾಯಿತು. ಅವನಿಗೂ ಅದೇ ಉತ್ತರ ಹೊಳೆಯಿತು. ಬರೆದು ಡಾರ್ವಿನ್ನನಿಗೇ ಕಳಿಸಿದ. ಜೂನಿನಲ್ಲಿ ಆ ಕಾಗದ ತಲಪಿದಾಗ ಡಾರ್ವಿನ್ನನು ಕಂಗಾಲಾದ. ಗೆಳೆಯರು ಸೇರಿ ಇಬ್ಬರ ಬರಹಗಳನ್ನೂ ಜುಲೈ ೧ರಂದು ಲಂಡನ್ನಿನ ಲಿನೀಯನ್ ಸೊಸೈಟಿಯ ಸಭೆಯಲ್ಲಿ ಓದಿಸಿದರು. ಇಬ್ಬರಲ್ಲಿ ಒಬ್ಬನೂ ಸಭೆಯಲ್ಲಿರಲಿಲ್ಲ. ವ್ಯಾಲೇಸನು ಸಾಗರಗಳಾಚೆ ಇದ್ದ. ಡಾರ್ವಿನ್ನನ ಕೂಸು ಮೂರು ದಿನದ ಹಿಂದೆ ಜ್ವರದಿಂದ ತೀರಿಕೊಂಡಿತ್ತು. ಆ ವರ್ಷದಲ್ಲಿ ಶಾಸ್ತ್ರವನ್ನು ಅಲುಗಿಸುವಂಥ ಶೋಧವೇನೂ ನಡೆಯಲಿಲ್ಲವೆಂದು ಸೊಸೈಟಿಯ ಅಧ್ಯಕ್ಷರು ಮುಂದೆ ವರದಿಯೊಪ್ಪಿಸಿದರಂತೆ. ವಾರ್ಷಿಕ ವರದಿಗಳ ಸ್ವಭಾವ ಎಲ್ಲ ಸಂಘಗಳಲ್ಲಿಯೂ ಒಂದೇ ಇರಬೇಕು. ಮರುವರ್ಷ, ೧೮೫೯ರ ನವೆಂಬರಿನಲ್ಲಿ, ಡಾರ್ವಿನ್ನನ ಗ್ರಂಥ ಹೊರಬಂತು.

ಗ್ರಂಥಕ್ಕೆ ದೊಡ್ಡ ಪೆಟ್ಟು ಕೊಟ್ಟವರು ಪಾದ್ರಿಗಳೆಂದು ನಾವೆಲ್ಲ ಓದಿದ್ದೇವೆ. ಅದಕ್ಕಿಂತ ಗಟ್ಟಿಯಾದ ಪೆಟ್ಟು ಕೊಟ್ಟವನು ಫ್ಲೀಮಿಂಗ್ ಜೆಂಕಿನ್ ಎಂಬ ಇಂಜಿನಿಯರು, ೧೮೬೭ರಲ್ಲಿ. ತಂದೆತಾಯಿಯ ಗುಣಗಳು ಹಾಲು ನೀರಿನಂತೆ ಬೆರೆಯುವುದಾದರೆ, ಒಂದು ಜೀವಿಯಲ್ಲಿ ಹುಟ್ಟಿದ ಒಳ್ಳೆಯ ಹೊಸ ಗುಣ ಮಗನಲ್ಲಿ ಅರ್ಧ, ಮೊಮ್ಮಗನಲ್ಲಿ ಕಾಲು, ಮರಿಮಗನಲ್ಲಿ ಅರೆಕಾಲು ಆಗುತ್ತ ತೆಳ್ಳಗಾಗಿ ಹೋಗುವುದಿಲ್ಲವೆ ಎಂಬುದು ಅವನ ಪ್ರಶ್ನೆ. ಡಾರ್ವಿನ್ನನ ಬಳಿ ಇದಕ್ಕೆ ಸರಿಯಾದ ಉತ್ತರವಿರಲಿಲ್ಲ. ಉತ್ತರವು ಒಂದು ವರ್ಷ ಮೊದಲೇ, ೧೮೬೬ರಲ್ಲಿ, ಗ್ರೆಗರ್ ಮೆಂಡೆಲ್ ಎಂಬ ಸನ್ಯಾಸಿಯ ಬಟಾಣಿ ಗಿಡಗಳ ಲೇಖನದಲ್ಲಿ ಅಚ್ಚಾಗಿತ್ತು. ೧೯೦೦ರ ತನಕ ಅದರ ಕಡೆ ಗಮನಕೊಟ್ಟವರು ಇಲ್ಲವೆನ್ನುವಷ್ಟು ಕಡಮೆ. ಮೆಂಡೆಲನು ತೋರಿಸಿದುದು ಇಷ್ಟು: ಗುಣದ ಬೀಜಗಳು ಹಾಲು ನೀರಲ್ಲ, ನಾಣ್ಯಗಳು. ಜೇಬಿನಲ್ಲಿ ಎಷ್ಟು ಸಲ ಕಲಸಿದರೂ ಐದು ರೂಪಾಯಿಯ ನಾಣ್ಯ ಎರಡು ರೂಪಾಯಿಯದರ ಜೊತೆ ಕರಗಿ ಮೂರೂವರೆ ಆಗುವುದಿಲ್ಲ; ಕೈಯಿಂದ ಕೈಗೆ ಇಡಿಯಾಗಿಯೇ ದಾಟುತ್ತದೆ.

ಇಲ್ಲಿಂದ ಮುಂದೆ ಲೆಕ್ಕದವರ ಕಾಲ. ಅವರಲ್ಲಿ ಒಬ್ಬನನ್ನು ಭಾರತೀಯರು ನಮ್ಮವನೆನ್ನಬಹುದು. ಜೆ. ಬಿ. ಎಸ್. ಹಾಲ್ಡೇನನು ೧೯೨೪ರಲ್ಲಿ ನಿಸರ್ಗದ ಆಯ್ಕೆಯ ವೇಗವನ್ನು ಗಣಿತದಲ್ಲಿ ಬರೆಯಲಾರಂಭಿಸಿದ; ೧೯೫೭ರಲ್ಲಿ ಇಂಗ್ಲೆಂಡನ್ನು ಬಿಟ್ಟು ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದು, ಈ ದೇಶದ ಪ್ರಜೆಯಾಗಿ, ೧೯೬೪ರಲ್ಲಿ ಭುವನೇಶ್ವರದಲ್ಲಿ ತೀರಿಕೊಂಡ. ಅವನ ಗಣಿತವೆಲ್ಲ ನಮ್ಮ ತಲೆಗೆ ಮೀರಿದ್ದು. ಆದರೆ ಚಕ್ರಬಡ್ಡಿಯ ಲೆಕ್ಕವನ್ನು ನಾವೂ ಮಾಡಬಲ್ಲೆವು. ಅದೃಷ್ಟದ ಏರುಪೇರನ್ನು ಬದಿಗಿಟ್ಟು ಸರಳವಾಗಿ ಮಾಡಿ ನೋಡಿದೆವು. ಒಂದು ಗುಣ ಸಾವಿರಕ್ಕೆ ಒಂದು ಹಕ್ಕಿಯಲ್ಲಿದೆ ಎನ್ನೋಣ. ಇತರ ಹಕ್ಕಿಗಳು ನೂರು ಮರಿ ಉಳಿಸುವಲ್ಲಿ ಈ ಗುಣದವು ನೂರೊಂದು ಉಳಿಸುತ್ತವೆ, ಅಷ್ಟೇ ಲಾಭ. ನೂರು ತಲೆಮಾರು ಕಳೆದರೂ ಅದು ಸಾವಿರಕ್ಕೆ ಮೂರನ್ನು ಮುಟ್ಟುವುದಿಲ್ಲ. ಮುನ್ನೂರು ತಲೆಮಾರಿಗೆ ಸಾವಿರಕ್ಕೆ ಇಪ್ಪತ್ತರ ಒಳಗೆ. ಏನೂ ನಡೆಯುತ್ತಿಲ್ಲವೆಂದೇ ನೋಡುವವರು ಹೇಳುತ್ತಾರೆ. ಏಳುನೂರರ ಹೊತ್ತಿಗೆ ಅರ್ಧಕ್ಕರ್ಧ! ಸಾವಿರದ ನಾನ್ನೂರರ ಹೊತ್ತಿಗೆ ಸಾವಿರದಲ್ಲಿ ಒಂಬೈನೂರ ತೊಂಬತ್ತೊಂಬತ್ತು. ಹಲ್ಮಿಡಿಯ ಶಾಸನವನ್ನು ಕೆತ್ತಿದ ದಿನಗಳಲ್ಲಿ ಸಾವಿರಕ್ಕೊಂದರಲ್ಲಿದ್ದ ಗುಣ, ವರ್ಷಕ್ಕೊಂದು ತಲೆಮಾರಾಗುವ ಹಕ್ಕಿಯಲ್ಲಾದರೆ, ಇಷ್ಟು ಹೊತ್ತಿಗೆ ಹೆಚ್ಚುಕಡಮೆ ಎಲ್ಲದರಲ್ಲೂ ಇರುತ್ತದೆ. ಭೂಮಿಯ ಇತಿಹಾಸದಲ್ಲಿ ಸಾವಿರದ ನಾನ್ನೂರು ವರ್ಷ ಎಂದರೆ ನಮ್ಮ ಲೆಡ್ಜರಿನಲ್ಲಿ ಪೈಸೆಯ ಕಾಲಂ ಕೂಡ ಅಲ್ಲ.

ಇದರಿಂದ ಒಂದು ಪ್ರಭೇದ ಬದಲಾಗುವುದು ತಿಳಿಯಿತು, ಎರಡಾಗುವುದು ತಿಳಿಯಲಿಲ್ಲ. ಎರಡಾಗಬೇಕಾದರೆ ಸಾಮಾನ್ಯವಾಗಿ ನಡುವೆ ತಡೆಯೊಂದು ಬರಬೇಕೆಂದು ಮೇಯರನು ವಾದಿಸಿದ: ಸಮುದ್ರವೋ ಬೆಟ್ಟವೋ ಬಯಲೋ. ಈ ಕಡೆಯವು ಆ ಕಡೆಯವುಗಳನ್ನು ಕೂಡದಂತಾದಾಗ ಎರಡೂ ಕಡೆ ಬೇರೆಬೇರೆ ಬದಲಾವಣೆಗಳು ಜಮೆಯಾಗುತ್ತ ಹೋಗುತ್ತವೆ. ಬಹುಕಾಲದ ಮೇಲೆ ತಡೆ ತೆಗೆದರೂ ಅವು ಒಂದನ್ನೊಂದು ತಮ್ಮವೆಂದು ಗುರುತಿಸುವುದಿಲ್ಲ. ಗುರುತಿಸಿ ಕೂಡಿದರೂ ಸಂತಾನ ಏಳುವುದಿಲ್ಲ. ಕೆಲವು ಶತಮಾನಗಳ ಹಿಂದೆ ಮೈಸೂರು ಸೀಮೆಯಿಂದ ನೀಲಗಿರಿಯನ್ನು ಹತ್ತಿ ನೆಲಸಿದ ಬಡಗರ ಮಾತನ್ನು ಮೊದಲು ಕನ್ನಡದ ಉಪಭಾಷೆಯೆಂದೇ ಎಣಿಸುತ್ತಿದ್ದರು. ಈಗ ಅದು ಬೇರೆಯೇ ಭಾಷೆಯೆಂದು ಹಲವು ಭಾಷಾವಿಜ್ಞಾನಿಗಳು ಹೇಳುತ್ತಾರೆ. ಬೆಟ್ಟ ಮಾಡಿದ ಕೆಲಸ ಅದು.

ಅದೇ ನೀಲಗಿರಿಯ ಎತ್ತರದ ಶೋಲಾ ಕಾಡುಗಳಲ್ಲಿ ನೀಲಿ ಬಣ್ಣದ ಸಣ್ಣ ಹಕ್ಕಿಯೊಂದಿದೆ. ಅದರ ಪಕ್ಕೆಗಳಲ್ಲಿ ಕೆಂಪುಛಾಯೆ. ಪಾಲಕ್ಕಾಡಿನ ಕಣಿವೆಯನ್ನು ದಾಟಿ ದಕ್ಷಿಣದ ಬೆಟ್ಟಗಳಿಗೆ ಹೋದರೆ ಅದರ ಸೋದರಸಂಬಂಧಿ. ಅದರ ಹೊಟ್ಟೆ ಬಿಳಿ. ಕಣಿವೆಯ ಅಗಲ ಮೂವತ್ತು ನಲವತ್ತು ಕಿಲೋಮೀಟರು. ಹಕ್ಕಿಗೆ ರೆಕ್ಕೆಯಿದೆಯಲ್ಲ ಎಂದರೆ, ಈ ಹಕ್ಕಿಗಳು ತಂಪಾದ ಎತ್ತರದ ಕಾಡನ್ನು ಬಿಟ್ಟು ಬಿಸಿಲ ಬಯಲಿಗೆ ಇಳಿಯುವವಲ್ಲ. ಅವುಗಳಿಗೆ ಬೆಟ್ಟದ ನೆತ್ತಿಗಳೇ ದ್ವೀಪಗಳು, ಕಣಿವೆಯೇ ಕಡಲು. ಬೆಂಗಳೂರಿನ ಎನ್.ಸಿ.ಬಿ.ಎಸ್. ಸಂಸ್ಥೆಯವರೂ ಸೇರಿದ್ದ ತಂಡವೊಂದು ಇವುಗಳ ಆನುವಂಶಿಕ ದ್ರವ್ಯವನ್ನು ಪರೀಕ್ಷಿಸಿ, ೨೦೧೭ರಲ್ಲಿ ಈ ಬಳಗಕ್ಕೆ ‘ಶೋಲಿಕೋಲ’ ಎಂಬ ಹೊಸ ಕುಲನಾಮವನ್ನು ಕೊಟ್ಟಿತು. ಇನ್ನೂ ದಕ್ಷಿಣದ ಸೆಂಗೋಟ್ಟೆಯ ಕಣಿವೆಯಾಚೆ ಮೂರನೆಯ ಪ್ರಭೇದವೊಂದನ್ನೂ ಗುರುತಿಸಿದರು.

ಸರಿ, ಕಂಡವರು ಯಾರು? ಪೀಟರ್ ಮತ್ತು ರೋಸ್‌ಮರಿ ಗ್ರಾಂಟ್ ದಂಪತಿಗಳು. ಡಾರ್ವಿನ್ನನ ಅದೇ ಗಲಪಗಸ್ ದ್ವೀಪಗಳಲ್ಲಿ ಡಾಫ್ನಿ ಮೇಜರ್ ಎಂಬುದೊಂದು ನೀರಿಲ್ಲದ, ನೆರಳಿಲ್ಲದ ಬೆಂಕಿಬೆಟ್ಟದ ತುದಿ. ಚದರ ಕಿಲೋಮೀಟರಿನ ಅರ್ಧವೂ ಇಲ್ಲ. ೧೯೭೩ರಿಂದ ಮೊದಲುಮಾಡಿ ನಲವತ್ತು ವರ್ಷ, ಪ್ರತಿವರ್ಷವೂ ತಿಂಗಳುಗಟ್ಟಲೆ, ಕುಡಿಯುವ ನೀರನ್ನೂ ಹೊತ್ತುಕೊಂಡು ಹೋಗಿ ಡೇರೆ ಹಾಕಿ, ಅವರೂ ಅವರ ಶಿಷ್ಯರೂ ಅಲ್ಲಿಯ ಫಿಂಚುಗಳನ್ನು ಒಂದೊಂದಾಗಿ ಹಿಡಿದು, ಕಾಲಿಗೆ ಬಳೆ ತೊಡಿಸಿ, ಕೊಕ್ಕನ್ನು ಅಳೆದು ಬರೆದಿಟ್ಟರು. ಯಾವ ಹಕ್ಕಿ ಯಾರ ಮಗಳು, ಯಾರ ಮೊಮ್ಮಗ ಎಂಬುದೆಲ್ಲ ದಾಖಲೆಯಲ್ಲಿದೆ. ಲೆಡ್ಜರು ಬರೆಯುವವರು ತಲೆಬಾಗಬೇಕಾದ ಕೆಲಸ.

೧೯೭೭ರಲ್ಲಿ ಅಲ್ಲಿ ಮಳೆ ಬರಲಿಲ್ಲವೆಂದೇ ಹೇಳಬೇಕು. ಮೆತ್ತನೆಯ ಸಣ್ಣ ಬೀಜಗಳು ಬೇಗ ಮುಗಿದುಹೋದವು. ಉಳಿದದ್ದು ನೆಗ್ಗಿಲು ಮುಳ್ಳಿನ ಗಟ್ಟಿ ಕಾಯಿ. ನಮ್ಮ ಹೊಲದ ಬದುಗಳಲ್ಲಿ ಬರಿಗಾಲಿಗೆ ಚುಚ್ಚುವ ನೆಗ್ಗಿಲಿನ ಕುಲದ್ದೇ ಅಲ್ಲಿಯ ಗಿಡವೂ. ದಪ್ಪ ಕೊಕ್ಕಿನವು ಅದನ್ನು ಒಡೆದು ತಿಂದವು. ಸಣ್ಣ ಕೊಕ್ಕಿನವು ಹಸಿದು ಸತ್ತವು. ಮಧ್ಯಮ ಗಾತ್ರದ ಫಿಂಚುಗಳಲ್ಲಿ ನೂರಕ್ಕೆ ಎಂಬತ್ತೈದರಷ್ಟು ಅಳಿದವು. ಬದುಕಿದವುಗಳ ಕೊಕ್ಕಿನ ದಪ್ಪ ಹಿಂದಿನ ಸರಾಸರಿಗಿಂತ ಸುಮಾರು ಅರ್ಧ ಮಿಲಿಮೀಟರು ಹೆಚ್ಚು. ಅರ್ಧ ಮಿಲಿಮೀಟರು ಎಂದರೆ ಒಂದು ಗುಂಡುಸೂಜಿಯ ದಪ್ಪವಾದೀತು. ಸಾವು ಬದುಕಿಗೆ ಅಷ್ಟೇ ಅಂತರವಿತ್ತು. ಅವುಗಳ ಮರಿಗಳಿಗೂ ಹಿಂದಿನ ತಲೆಮಾರಿಗಿಂತ ದಪ್ಪನೆಯ ಕೊಕ್ಕೇ ಬಂತು. ಆದರೆ ೧೯೮೩ರಲ್ಲಿ ಎಲ್ ನಿನ್ಯೋ ಮಳೆ ಬೇಡವೆಂದರೂ ಸುರಿದು ಸ್ವೀಪವೆಲ್ಲ ಬಳ್ಳಿ ಹಬ್ಬಿ ಸಣ್ಣ ಬೀಜ ರಾಶಿಯಾದ ಮೇಲೆ, ಮುಂದಿನ ಬರದಲ್ಲಿ ಸಣ್ಣ ಕೊಕ್ಕಿನವೇ ಹೆಚ್ಚು ಉಳಿದವು. ಜಮೆಯಾದದ್ದು ಖರ್ಚೂ ಆಗುತ್ತದೆ. ಒಂದೇ ದಿಕ್ಕಿಗೆ ಎಳೆಯುವ ವರ್ಷಗಳು ಬಹುಕಾಲ ಸಾಲಾಗಿ ಬಂದಲ್ಲಿ ಮಾತ್ರ ದೊಡ್ಡ ಮೊತ್ತ ಉಳಿಯುವುದು.

ಅವರು ಇನ್ನೊಂದನ್ನೂ ಕಂಡರು. ೧೯೮೧ರಲ್ಲಿ ನೂರು ಕಿಲೋಮೀಟರಿಗೂ ದೂರದ ಎಸ್ಪನ್ಯೋಲಾ ದ್ವೀಪದಿಂದ ದೊಡ್ಡ ಗಾತ್ರದ ಒಂದು ಗಂಡು ಫಿಂಚು ದಿಕ್ಕುತಪ್ಪಿ ಡಾಫ್ನಿಗೆ ಬಂತು. ಅದರ ಹಾಡು ಬೇರೆ. ಸ್ಥಳೀಯ ಹೆಣ್ಣಿನೊಡನೆ ಸಂಸಾರ ಹೂಡಿತು. ಅದರ ಸಂತತಿ ಅಪ್ಪನ ಹಾಡನ್ನೇ ಕಲಿತು, ಮೂರನೆಯ ತಲೆಮಾರಿನಿಂದ ಊರ ಹಕ್ಕಿಗಳನ್ನು ಬಿಟ್ಟು ತಮ್ಮೊಳಗೇ ಜೋಡಿಯಾಗತೊಡಗಿತು. ೨೦೧೭ರಲ್ಲಿ ಇವುಗಳ ಆನುವಂಶಿಕ ಪರೀಕ್ಷೆಯ ವರದಿ ಹೊರಟಿತು; ಆ ಬಳಗದಲ್ಲಿ ಸುಮಾರು ಮೂವತ್ತು ಹಕ್ಕಿಗಳಿದ್ದವು. ಇದನ್ನು ಪೂರ್ಣ ಪ್ರಭೇದವೆನ್ನುವ ಅವಸರ ನಮಗಿಲ್ಲ. ಇದು ಮಿಶ್ರಸಂತಾನದಿಂದ ಥಟ್ಟನೆ ಒದಗಿದ ಪ್ರಸಂಗ, ನಾವು ಹೇಳುತ್ತಿರುವ ನಿಧಾನದ ದಾರಿಯಲ್ಲ. ಹೊರಗಿನಿಂದ ಬಂದವನ ಮಕ್ಕಳು ಅಪ್ಪನ ಹಾಡನ್ನು ಬಿಡಲಿಲ್ಲವೆಂಬ ಸಂಗತಿ ನಮ್ಮ ಸಂಘದವರಿಗೆ ಹಿಡಿಸೀತೆಂದು ಬರೆದೆವು.

ನಿಧಾನದ ದಾರಿಯನ್ನು ಉದ್ದಕ್ಕೂ ಕಣ್ಣಾರೆ ಕಾಣಲು ಒಂದು ಆಯುಸ್ಸು ಸಾಲದು. ಆದರೆ ಸಹಿಯ ಆ ಉದಾಹರಣೆಯಲ್ಲಿ ಮೂವತ್ತು ವರ್ಷದ ಎಲ್ಲ ಚೆಕ್ಕುಗಳನ್ನೂ ಒಂದು ಉದ್ದನೆಯ ಮೇಜಿನ ಮೇಲೆ ಸಾಲಾಗಿ ಹರಡಿಟ್ಟರೆ ಹೇಗೋ, ಹಾಗೆ ಹರಡಿಟ್ಟ ಒಂದು ಹಕ್ಕಿಯಿದೆ. ಇಂಗ್ಲಿಷಿನಲ್ಲಿ ಗ್ರೀನಿಷ್ ವಾರ್ಬ್ಲರ್ ಎಂದು ಕರೆಯುತ್ತಾರೆ. ನಾವು ಹಸಿರು ಉಲಿಯಕ್ಕಿ ಎನ್ನೋಣ. ಗುಬ್ಬಿಗಿಂತ ಚಿಕ್ಕದು, ತೂಕ ಹತ್ತು ಗ್ರಾಮೂ ಇಲ್ಲ. ಎಲೆಯ ಬಣ್ಣವಾದ್ದರಿಂದ ಎಲೆಗಳ ನಡುವೆ ಕಣ್ಣಿಗೆ ಬೀಳುವುದು ಕಷ್ಟ. ಬೇಸಗೆಯಲ್ಲಿ ಇದು ಟಿಬೆಟ್ಟಿನ ಪ್ರಸ್ಥಭೂಮಿಯನ್ನು ಬಳೆಯಂತೆ ಸುತ್ತಿರುವ ಕಾಡುಗಳಲ್ಲಿ ಗೂಡುಕಟ್ಟುತ್ತದೆ. ನಡುವಿನ ಬೋಳು ಎತ್ತರದಲ್ಲಿ ಮರವಿಲ್ಲದ ಕಾರಣ ಅಲ್ಲಿ ಹಕ್ಕಿಯೂ ಇಲ್ಲ. ಹಿಮಾಲಯದಿಂದ ಹೊರಟು ಪಶ್ಚಿಮದ ದಾರಿಯಾಗಿ ಕಾಶ್ಮೀರ, ಮಧ್ಯ ಏಷ್ಯ ಹಿಡಿದು ಸೈಬೀರಿಯಕ್ಕೆ ಹೋದರೆ, ಪ್ರತಿಯೊಂದು ಊರಿನ ಹಕ್ಕಿಯೂ ಪಕ್ಕದ ಊರಿನ ಹಕ್ಕಿಯಂತೆಯೇ, ಕೂದಲೆಳೆಯಷ್ಟು ಬೇರೆ. ಪೂರ್ವದ ದಾರಿಯಾಗಿ ಚೀನದ ಮೂಲಕ ಸೈಬೀರಿಯಕ್ಕೆ ಹೋದರೂ ಹಾಗೆಯೇ. ದಕ್ಷಿಣದಲ್ಲಿ ಗಂಡಿನ ಹಾಡು ಚಿಕ್ಕದು, ಸರಳ. ಉತ್ತರಕ್ಕೆ ಹೋದಂತೆ ಎರಡು ದಾರಿಯಲ್ಲೂ ಹಾಡು ಉದ್ದವಾಗುತ್ತದೆ, ಜಟಿಲವಾಗುತ್ತದೆ, ಆದರೆ ಒಂದೊಂದು ದಾರಿಯಲ್ಲಿ ಒಂದೊಂದು ಬಗೆಯಾಗಿ. ಮಧ್ಯ ಸೈಬೀರಿಯದಲ್ಲಿ ಎರಡು ದಾರಿಯ ಹಕ್ಕಿಗಳೂ ಮತ್ತೆ ಸಂಧಿಸುತ್ತವೆ. ಅಲ್ಲಿ ಅವು ಅಪರಿಚಿತರು. ಪಶ್ಚಿಮದ ಹಕ್ಕಿಯ ರೆಕ್ಕೆಯಲ್ಲಿ ಒಂದು ಪಟ್ಟೆ, ಪೂರ್ವದ್ದರಲ್ಲಿ ಎರಡು. ಒಂದೇ ಕಾಡಿನಲ್ಲಿದ್ದರೂ ಜೋಡಿಯಾಗುವುದಿಲ್ಲ. ಧ್ವನಿಮುದ್ರಿಸಿದ ಹಾಡನ್ನು ಕೇಳಿಸಿದರೆ ತಮ್ಮವರ ಹಾಡಿಗೆ ಎಗರಿ ಬರುವ ಗಂಡು ಇನ್ನೊಂದರ ಹಾಡಿಗೆ ಲಕ್ಷ್ಯವನ್ನೇ ಕೊಡುವುದಿಲ್ಲ.

ಇದು ಬಳೆಯಾಕಾರದ ಸರಪಳಿಯೆಂದು ೧೯೩೮ರಲ್ಲಿ ಕ್ಲಾಡ್ ಟೈಸ್‌ಹರ್ಸ್ಟ್ ಊಹಿಸಿದ. ಹಾಡನ್ನೂ ಆನುವಂಶಿಕತೆಯನ್ನೂ ಅಳೆದು ೨೦೦೧ರಲ್ಲಿ ತೋರಿಸಿದವರು ಡ್ಯಾರನ್ ಇರ್ವಿನ್ ಮತ್ತು ಸಂಗಡಿಗರು. ಸೈಬೀರಿಯದ ಎರಡನ್ನು ಮಾತ್ರ ನೋಡಿದವರು ಎರಡು ಪ್ರಭೇದ ಎನ್ನಲೇಬೇಕು. ಸುತ್ತುಹಾಕಿ ಬಂದವರಿಗೆ ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದೇ ತಿಳಿಯದು. ಮಂಗಳೂರಿನ ‘ಹೋಗ್ತೇನೆ’, ಮೈಸೂರಿನ ‘ಹೋಗ್ತೀನಿ’, ಧಾರವಾಡದ ‘ಹೊಕ್ಕೇನಿ’ಗಳ ನಡುವೆ ಗೆರೆ ಎಳೆಯಲು ಹೊರಟವರ ಪಾಡೂ ಅದೇ, ೧೯೫೬ರಲ್ಲಿ ಭಾಷೆಗಳ ನಡುವೆ ಗೆರೆ ಎಳೆದವರ ಪಾಡಂತೂ ಸೊಲ್ಲಾಪುರ, ಕಾಸರಗೋಡು ಕಡೆಯ ನಮ್ಮ ಸದಸ್ಯರಿಗೆ ಚೆನ್ನಾಗಿ ಗೊತ್ತು.

ಹಕ್ಕಿಯ ಕಥೆಯೂ ಇಷ್ಟು ನಯವಾಗಿ ಉಳಿಯಲಿಲ್ಲವೆಂಬುದನ್ನು ಹೇಳದೆ ಬಿಟ್ಟರೆ ನ್ಯಾಯವಾಗದು. ಉತ್ತರ ಚೀನದಲ್ಲಿ ಈಗ ಸರಪಳಿಗೆ ಬಿರುಕಿದೆ. ಅಲ್ಲಿಯ ಕಾಡನ್ನು ಮನುಷ್ಯರು ಕಡಿದದ್ದು ಕಾರಣವಿರಬಹುದೆನ್ನುತ್ತಾರೆ. ಅದೇ ತಂಡದವರು ಇನ್ನೂ ಆಳವಾಗಿ ಪರೀಕ್ಷಿಸಿ ೨೦೧೪ರಲ್ಲಿ ಪ್ರಕಟಿಸಿದಂತೆ, ಹಿಂದೆಯೂ ಸರಪಳಿ ಕೆಲವೆಡೆ ತುಂಡಾಗಿ ಮತ್ತೆ ಬೆಸೆದಿದ್ದಿರಬೇಕು. ಸೈಬೀರಿಯದ ಎರಡು ಬಳಗಗಳ ನಡುವೆಯೂ ಆಗೊಮ್ಮೆ ಈಗೊಮ್ಮೆ ಒಂದಿಷ್ಟು ಬೆರಕೆ ನಡೆದಿದೆ. ಪೂರ್ತಿ ಬೇರೆಯಾಗಿಲ್ಲ, ಒಂದಾಗಿಯೂ ಉಳಿದಿಲ್ಲ. ಆಗುತ್ತಿರುವ ಕೆಲಸವನ್ನು ನಡುವಿನಲ್ಲಿ ಹಿಡಿದರೆ ಹೀಗಲ್ಲದೆ ಬೇರೆ ಹೇಗೆ ಕಂಡೀತು?

ಚಳಿಗಾಲಕ್ಕೆ ಈ ಹಕ್ಕಿಗಳು ದಕ್ಷಿಣಕ್ಕೆ ವಲಸೆ ಬರುತ್ತವೆ. ಸೈಬೀರಿಯದ ಪೂರ್ವದವು ಬರ್ಮಾ, ಸಯಾಂ ಕಡೆಗೆ ಹೋಗುತ್ತವೆ. ಪಶ್ಚಿಮದವು ನಮ್ಮ ಕಡೆಗೆ: ಸಹ್ಯಾದ್ರಿಯ ಕಾಡುಗಳಿಗೆ, ಕೊಡಗು ಮಲೆನಾಡುಗಳಿಗೆ, ಬೋರಿವಲಿಯ ಕಾಡಿಗೂ. ಸೆಪ್ಟೆಂಬರಿನಲ್ಲಿ ಬರಲಾರಂಭಿಸಿ ಏಪ್ರಿಲ್ ಮೇ ಹೊತ್ತಿಗೆ ಮರಳುತ್ತವೆ. ನವೆಂಬರ್ ಒಂದರ ಬೆಳಗ್ಗೆ ಧ್ವಜವಂದನೆಗೆ ಮೊದಲು ಬಿಡುವಿದ್ದವರು ದೊಡ್ಡ ಮರವೊಂದರ ಕೆಳಗೆ ನಿಂತು ಕಿವಿಗೊಟ್ಟರೆ, ಎಲೆಗಳ ನಡುವಿನಿಂದ ಎರಡು ತುಂಡಿನ ಚುರುಕಾದ ಒಂದು ಸಣ್ಣ ಕೂಗು ಮತ್ತೆ ಮತ್ತೆ ಕೇಳಿಸಬಹುದು.